ಉಸಿರು ಮತ್ತು ನಾಡಿ

ಕಳೆದ ದೀಪಾವಳಿಯ ರಜೆಯಲ್ಲಿ ನನ್ನ ಮಗಳ ಮಗಳು ಕಲಬುರಗಿಯಿಂದ ಆದಿತ್ಯನಗರದ ನಮ್ಮ ಮನೆಗೆ ಬಂದಿದ್ದಳು. ಅವಳು ಶುಶ್ರೂಷಾವಿದ್ಯೆಯ ಎರಡನೆಯ ವರ್ಷದಲ್ಲಿ ಓದುತ್ತಿರುವಳು. ರಜೆಯಲ್ಲಿಯೂ ಪುಸ್ತಕವನ್ನು ಬಿಟ್ಟಿರದ ಸ್ವಭಾವ ಅವಳದು. ಶ್ವಾಸಕೋಶದ ರೋಗಗಳು, ಹೃದಯದ ರೋಗಗಳು ಎಂಬ ಎರಡು ಅಧ್ಯಾಯಗಳನ್ನು ನಡುಮನೆಯಲ್ಲಿ ಕುಳಿತು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು. ಒಂದು ಸಂಜೆ ನೋಟುಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, "ಮುತ್ಯಾ, ರೋಗಿಗೆ ಏನೇನು ಕೇಳಿ ಬರಕೋಬೇಕು ಅನ್ನೋದು ನನಗ ರೂಢಿ ಆಗಬೇಕಾಗ್ಯಾದ. ಆಯಿಂದೇ ಹೇಳು, ಬರಕೋತೀನಿ" ಎಂದಳು.

ನಾನು ಒಪ್ಪಿಕೊಂಡೆನು. ಕೆಮ್ಮು ಯಾವಾಗ ಮೊದಲಾಯಿತು, ಕಫ ಬೀಳುತ್ತಿತ್ತೆ, ಎಷ್ಟು ದೂರ ನಡೆದರೆ ಉಸಿರು ಕಟ್ಟುತ್ತಿತ್ತು, ರಾತ್ರಿ ಎಷ್ಟು ತಲೆದಿಂಬು ಬೇಕಾಗುತ್ತಿದ್ದವು, ಕಾಲಿನ ಬಾವು ಸಂಜೆಗೆ ಮಾತ್ರವೋ ಇಡೀ ದಿನವೋ, ಹೀಗೆ ಅವಳು ಒಂದೊಂದಾಗಿ ಕೇಳುತ್ತ ಹೋದಳು. ಮೊದಲೆರಡಕ್ಕೆ ಹೇಗೋ ಉತ್ತರ ಕೊಟ್ಟೆನು. ಮುಂದಕ್ಕೆ ತಡವರಿಸಿದೆನು. ಕೊನೆಗೆ, "ದಮ್ಮು ಮೊದಲು ಬಂತೋ, ಕಾಲು ಬಾತದ್ದು ಮೊದಲೋ?" ಎಂದು ಕೇಳಿದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ೩೭ ವರ್ಷ ಒಂದೇ ಸೂರಿನಡಿಯಲ್ಲಿ ಬಾಳಿದವನು ನಾನು; ಆಕೆಯ ವಿಷಯದಲ್ಲಿ ಆ ಸಾಲು ಖಾಲಿಯಾಗಿಯೇ ಉಳಿಯಿತು. ಅದು ಹೀಗೇಕೆ ಉಳಿಯಿತೆಂಬುದನ್ನು ವಾಚಕರ ಮುಂದಿಟ್ಟರೆ ಮತ್ತೊಂದು ಮನೆಗಾದರೂ ಉಪಯೋಗವಾದೀತೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿರುವೆನು.

ಶ್ವಾಸದ ವಿಷಯದಲ್ಲಿ ನಾನು ಏನೂ ಓದದವನೆಂದು ಹೇಳುವಂತಿಲ್ಲ. ಪಾಠಶಾಲೆಯ ದಿನಗಳಲ್ಲಿ ಛಾಂದೋಗ್ಯದ ಪ್ರಾಣಸಂವಾದವನ್ನು ಗುರುಗಳು ಹೇಳಿಕೊಟ್ಟಿದ್ದರು. ವಾಕ್ಕು, ಚಕ್ಷುಸ್ಸು, ಶ್ರೋತ್ರ, ಮನಸ್ಸುಗಳು ತಮ್ಮಲ್ಲಿ ಹೆಚ್ಚಿನವರಾರೆಂದು ಜಗಳವಾಡಿ, ಒಂದೊಂದೂ ಒಂದು ವರ್ಷ ದೇಹವನ್ನು ಬಿಟ್ಟುಹೋಗಿ ಬಂದರೂ ದೇಹವು ಬದುಕಿಯೇ ಇತ್ತಂತೆ. ಪ್ರಾಣವು ಹೊರಡಲೆಂದು ಎದ್ದಾಗ ಮಾತ್ರ ಉಳಿದವೆಲ್ಲ ಬೇರುಸಹಿತ ಕಿತ್ತುಬಂದುವಂತೆ. ಚರಕಸಂಹಿತೆಯಲ್ಲಿ ಶ್ವಾಸರೋಗವು ಮಹಾಶ್ವಾಸ, ಊರ್ಧ್ವಶ್ವಾಸ, ಛಿನ್ನಶ್ವಾಸ, ತಮಕಶ್ವಾಸ, ಕ್ಷುದ್ರಶ್ವಾಸ ಎಂದು ಐದು ಬಗೆಯೆಂಬುದನ್ನೂ ಬಾಯಿಪಾಠ ಮಾಡಿದ್ದೆನು. ತಮಕಶ್ವಾಸದ ರೋಗಿಗೆ ಮಲಗಿದರೆ ಸಂಕಟ, ಎದ್ದು ಕುಳಿತರೆ ನೆಮ್ಮದಿ ಎಂದು ಆ ಪ್ರಾಚೀನರು ಎಷ್ಟು ಚೆನ್ನಾಗಿ ಗಮನಿಸಿದ್ದಾರೆಂದು ಮಕ್ಕಳಿಗೆ ಬಣ್ಣಿಸಿ ಹೇಳುತ್ತಿದ್ದುದೂ ಉಂಟು. ಆದರೆ ಗಮನಿಸಿದವರನ್ನು ಹೊಗಳುವುದು ಬೇರೆ, ತಾನು ಗಮನಿಸುವುದು ಬೇರೆ.

೧೯೭೫ರಲ್ಲಿ ನನ್ನ ಮದುವೆಯಾಯಿತು. ಕಾಗಿಣಾ ನದಿಯ ಕಡೆಯ ನಮ್ಮ ಹಳ್ಳಿಯ ಮನೆಯಲ್ಲಿ ಅಡಿಗೆಯ ಕೋಣೆಯೆಂದರೆ ಕಿಟಕಿಯಿಲ್ಲದ, ಮೇಲೊಂದು ಬೆಳಕಿಂಡಿ ಮಾತ್ರವಿದ್ದ ಕತ್ತಲೆಯ ಗೂಡು. ನಮ್ಮದು ತೊಗರಿಯ ಸೀಮೆಯಾದುದರಿಂದ ರಾಶಿಯಾದ ಮೇಲೆ ಉಳಿಯುವ ತೊಗರಿಯ ಕಟ್ಟಿಗೆಯೇ ಒಲೆಗೆ ಉರುವಲು. ಮಳೆಗಾಲದಲ್ಲಿ ಅದು ನೆನೆದು ಹೊಗೆಯೇ ಹೆಚ್ಚು, ಉರಿ ಕಡಿಮೆ. ಕುಳ್ಳಿನ ಹೊಗೆಯಂತೂ ಹೇಳತೀರದು. ಹೊತ್ತು ಮೂಡುವ ಮೊದಲು ಊದುಗೊಳವೆ ಹಿಡಿದು ಕುಳಿತವಳು ರೊಟ್ಟಿ ಬಡಿದು ಮುಗಿಸುವ ವರೆಗೆ ಆ ಹೊಗೆಯಲ್ಲಿಯೇ ಇರುವಳು. ಸಂಜೆಗೆ ಮತ್ತೆ ಅದೇ. ತವರಿನಲ್ಲಿ ಹತ್ತು ವರ್ಷದ ಹುಡುಗಿಯಾಗಿದ್ದಾಗಲೇ ಆಕೆ ಒಲೆಯ ಮುಂದೆ ಕುಳಿತವಳು. ಕೆಮ್ಮು ಹತ್ತಿದಾಗ ನಾನು ಎಂದಾದರೊಮ್ಮೆ ಕೇಳಿದರೆ, "ಊರಾಗ ಎಲ್ಲಾರೂ ಒಲಿ ಊದತಾರ, ನನಗೊಬ್ಬಾಕಿಗೇನು?" ಎಂದು ನಕ್ಕುಬಿಡುತ್ತಿದ್ದಳು. ನಾನೂ ಅದನ್ನು ಉತ್ತರವೆಂದು ಒಪ್ಪಿಕೊಳ್ಳುತ್ತಿದ್ದೆನು. ೨೦೦೬ರಲ್ಲಿ ಮನೆಗೆ ಗ್ಯಾಸು ಬಂದಿತು. ಅಷ್ಟರಲ್ಲಿ ಕೆಮ್ಮು ದಮ್ಮಾಗಿತ್ತು.

ದಮ್ಮೆಂದರೆ ಉಬ್ಬಸ, ಉಬ್ಬಸವೆಂದರೆ ಎದೆಯ ಕಫ ಎಂದು ನನ್ನ ತಿಳಿವಳಿಕೆ. ಜ್ಯೇಷ್ಠಮಧು, ಶುಂಠಿ, ಹಿಪ್ಪಲಿಗಳ ಕಷಾಯ ನಡೆದಿತ್ತು. ಅಂಗಡಿಯ ಗುಳಿಗೆಗಳೂ ನಡೆದಿದ್ದವು. ಆಮೇಲೆ ಯಾವಾಗಲೋ ಕಾಲು ಬಾಯತೊಡಗಿದವು. ಕಾಲುಂಗುರ ಬಿಗಿಯಾಗುವುದೆಂದು ತೆಗೆದಿಟ್ಟಳು. "ಕಾಲು ಬಾತಾವ ನೋಡ್ರಿ" ಎಂದು ಒಂದೆರಡು ಸಾರಿ ಹೇಳಿದ್ದು ನೆನಪಿದೆ. ದಿನವಿಡೀ ನಿಂತು ಕೆಲಸ ಮಾಡುವವರ ಕಾಲು ಬಾಯದೆ ಇದ್ದೀತೆ, ವಯಸ್ಸೂ ಆಯಿತು ಎಂದುಬಿಟ್ಟೆನು. ಎದೆಯ ರೋಗಕ್ಕೂ ಪಾದದ ಬಾವಿಗೂ ಸಂಬಂಧವುಂಟೆಂಬುದು ನನ್ನ ಮನಸ್ಸಿಗೆ ಹೊಳೆಯಲೇ ಇಲ್ಲ. ಕಲಬುರಗಿಯ ವೈದ್ಯರೊಬ್ಬರಲ್ಲಿಗೆ ಕರೆದುಕೊಂಡು ಹೋದಾಗ ೨೦೧೧ನೆಯ ವರ್ಷದ ಕೊನೆ. ಅವರು ಆಕೆಯ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದರು. ತೆಗೆದಾಗ ಅಲ್ಲಿ ಗುಂಡಿಯೊಂದು ನಿಂತಿತು. ಕುತ್ತಿಗೆಯ ಉಬ್ಬಿದ ನರವನ್ನು ನೋಡಿದರು. ಬಳಿಕ ನನ್ನ ಕಡೆಗೆ ತಿರುಗಿ, "ಮಾಸ್ತರರೆ, ರೋಗ ಪುಪ್ಪುಸದಿಂದ ಹೃದಯಕ್ಕೆ ಇಳಿದು ಬಹಳ ದಿವಸವಾಗಿದೆ" ಎಂದರು. ೨೦೧೨ರ ಮಳೆಗಾಲದಲ್ಲಿ ಆಕೆ ತೀರಿಕೊಂಡಳು. ಆಗ ೫೫ ವರ್ಷ.

ರೋಗವು ಇಳಿಯುವುದೆಂದರೇನು? ವೈದ್ಯರನ್ನು ಅಂದು ಕೇಳುವ ಧೈರ್ಯವಾಗಿರಲಿಲ್ಲ. ಈ ದೀಪಾವಳಿಯಲ್ಲಿ ಮೊಮ್ಮಗಳನ್ನು ಕೇಳಿದೆನು. ಅವಳು ನನ್ನ ಹಳೆಯ ಪಾಟಿಯನ್ನು ತೆಗೆದುಕೊಂಡು ಸುಣ್ಣದ ಕಡ್ಡಿಯಿಂದ ಚಿತ್ರ ಬರೆದು ವಿವರಿಸಿದಳು. ಗುರುವಾಗಿದ್ದವನು ಶಿಷ್ಯನಾಗಿ ಕುಳಿತೆನು. ಅವಳು ಹೇಳಿದುದರ ಸಾರ ಹೀಗಿದೆ.

ಹೃದಯವು ಒಂದೇ ಮುಷ್ಟಿಯಾಗಿ ತೋರಿದರೂ ಅದರೊಳಗೆ ಎರಡು ರಾಟೆಗಳಿವೆ. ಬಲದ್ದು ದೇಹದಿಂದ ಬಂದ ರಕ್ತವನ್ನು ಪುಪ್ಪುಸಕ್ಕೆ ಒತ್ತುವುದು. ಎಡದ್ದು ಪುಪ್ಪುಸದಿಂದ ಬಂದುದನ್ನು ಸರ್ವಾಂಗಕ್ಕೂ ಒತ್ತುವುದು. ವಿಶ್ರಾಂತಿಯಲ್ಲಿರುವ ಮನುಷ್ಯನಲ್ಲಿ ನಿಮಿಷಕ್ಕೆ ಸುಮಾರು ೫ ಲೀಟರು ರಕ್ತವು ಎರಡರ ಮೂಲಕವೂ ಸಮನಾಗಿ ಹಾಯುವುದು. ಪುಪ್ಪುಸದಲ್ಲಿ ೩೦ ಕೋಟಿಗೂ ಮಿಕ್ಕಿ ವಾಯುಕೋಶಗಳುಂಟು. ಅವನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು ೭೦ ಚದರ ಮೀಟರು ನೆಲವನ್ನು ಮುಚ್ಚುವುವು. ಇಷ್ಟು ವಿಶಾಲವಾದ ಬಯಲಿನಲ್ಲಿ ರಕ್ತವು ತೆಳುವಾಗಿ ಹರಡಿ ಹರಿಯುವುದರಿಂದ ಅಲ್ಲಿ ಒತ್ತಡವು ಬಹಳ ಕಡಿಮೆ. ಎಡಗಡೆಯ ಮಹಾಧಮನಿಯಲ್ಲಿ ಸರಾಸರಿ ಒತ್ತಡವು ಪಾದರಸದ ೯೦ ಮಿಲಿಮೀಟರಿನಷ್ಟಿದ್ದರೆ, ಪುಪ್ಪುಸದ ಧಮನಿಯಲ್ಲಿ ೧೫ರ ಆಸುಪಾಸು. ಆದ್ದರಿಂದ ಬಲಗಡೆಯ ಕೋಣೆಯ ಗೋಡೆಯೂ ತೆಳುವು. ಅದು ಹಗುರವಾದ ಕೆಲಸಕ್ಕೆಂದು ನಿರ್ಮಿತವಾದದ್ದು.

ಇನ್ನು ಪುಪ್ಪುಸದಲ್ಲಿ ಒಂದು ಜಾಣತನವುಂಟು. ಯಾವ ಭಾಗಕ್ಕೆ ಗಾಳಿ ಕಡಿಮೆಯಾಯಿತೋ ಆ ಭಾಗದ ಸಣ್ಣ ರಕ್ತನಾಳಗಳು ತಾವಾಗಿಯೇ ಸಂಕುಚಿಸಿ, ರಕ್ತವನ್ನು ಗಾಳಿಯಿರುವ ಕಡೆಗೆ ಕಳಿಸುವುವು. ಬಾವಿಯ ನೀರು ಹಾಯಿಸುವ ರೈತನು ಬೆಳೆಯಿಲ್ಲದ ಮಡಿಯ ಬಾಯನ್ನು ಮಣ್ಣಿನಿಂದ ಮುಚ್ಚಿ ಬೆಳೆಯಿರುವ ಮಡಿಗೆ ನೀರು ತಿರುಗಿಸುವುದಿಲ್ಲವೆ, ಹಾಗೆ. ಸ್ವೀಡನ್ ದೇಶದ ಫಾನ್ ಆಯ್ಲರ್ ಮತ್ತು ಲಿಲ್ಯೆಸ್ಟ್ರಾಂಡ್ ಎಂಬ ವಿದ್ವಾಂಸರು ೧೯೪೬ರಲ್ಲಿ ಬೆಕ್ಕುಗಳ ಮೇಲಿನ ಪ್ರಯೋಗದಿಂದ ಇದನ್ನು ಬೆಳಕಿಗೆ ತಂದರಂತೆ. ಒಂದೆರಡು ಮಡಿಗಳು ಬರಡಾದಾಗ ಇದು ಒಳ್ಳೆಯ ಉಪಾಯವೇ ಸರಿ. ಆದರೆ ವರ್ಷಾನುಗಟ್ಟಳೆ ಹೊಗೆ ಕುಡಿದು ಹೊಲವೆಲ್ಲವೂ ಬರಡಾದರೆ? ಎಲ್ಲ ಮಡಿಗಳ ಬಾಯಿಯೂ ಮುಚ್ಚಿಕೊಳ್ಳುವುದು. ಕೋಶಗಳ ನಡುವಿನ ಗೋಡೆಗಳು ನಾಶವಾಗಿ ಅಲ್ಲಿದ್ದ ರಕ್ತನಾಳಗಳೂ ಎಷ್ಟೋ ಅಳಿದುಹೋಗಿರುವುವು. ಹರಿಯಬೇಕಾದ ನೀರು ಅಷ್ಟೇ, ದಾರಿ ಮಾತ್ರ ಕಿರಿದು. ಒತ್ತಡವೇರುವುದು. ಸರಾಸರಿಯು ೨೦ನ್ನು ಮೀರಿತೆಂದರೆ ಇಂದಿನ ವೈದ್ಯರು ಅದನ್ನು ರೋಗವೆಂದು ಎಣಿಸುವರು. ತೆಳುಗೋಡೆಯ ಬಲಕೋಣೆಯು ಮೊದಲು ದಪ್ಪವಾಗಿ ಹೆಣಗುವುದು. ಆಮೇಲೆ ಹಿಗ್ಗಿ ಸೋಲುವುದು. ಅದು ಸೋತರೆ ಹಿಂದಿನ ರಕ್ತವು ಮುಂದಕ್ಕೆ ಹೋಗಲಾರದೆ ಕುತ್ತಿಗೆಯ ನರದಲ್ಲಿ ನಿಲ್ಲುವುದು, ಯಕೃತ್ತಿನಲ್ಲಿ ನಿಲ್ಲುವುದು. ಮೂತ್ರಪಿಂಡಗಳು ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುವುವು. ಆ ನೀರು ತಗ್ಗಿಗಿಳಿದು ಪಾದಗಳಲ್ಲಿ ಸೇರುವುದು.

"ಅಂದರ ಆಯಿಯ ಕಾಲು ಬಾತದ್ದು ಒಲಿಯ ಹೊಗಿಯಿಂದ, ಮುತ್ಯಾ" ಎಂದಳು.

ಒಲೆಯಿಂದ ಪಾದದ ವರೆಗಿನ ಆ ದಾರಿಯನ್ನು ಪಾಟಿಯ ಮೇಲೆ ನೋಡುತ್ತ ನಾನು ಬಹಳ ಹೊತ್ತು ಕುಳಿತಿದ್ದೆನು.

ಅವಳು ಮತ್ತೊಂದು ಗೆರೆಯನ್ನೂ ಎಳೆದಳು. ಇದೇ ದಾರಿಯು ಹಿಂದುಮುಂದಾಗಿಯೂ ನಡೆಯುವುದಂತೆ. ಎಡಗಡೆಯ ಕೋಣೆಯು ಸೋತಲ್ಲಿ ರಕ್ತವು ಪುಪ್ಪುಸದಲ್ಲಿ ನಿಂತು, ನೀರು ವಾಯುಕೋಶಗಳೊಳಕ್ಕೆ ಒಸರುವುದು. ರೋಗಿಯು ನಡುರಾತ್ರಿಯಲ್ಲಿ ಉಸಿರು ಕಟ್ಟಿ ಎದ್ದು ಕುಳಿತು ಕಿಟಕಿಯ ಕಡೆಗೆ ಓಡುವನು. ಮನೆಯವರು ಅದನ್ನು ಉಬ್ಬಸವೆನ್ನುವರು. ಮೂಲವಿರುವುದು ಹೃದಯದಲ್ಲಿ. ಹೀಗೆ ಪಾದದಲ್ಲಿ ತೋರುವ ಕೇಡಿನ ಬೇರು ಉಸಿರಿನಲ್ಲಿಯೂ, ಉಸಿರಿನಲ್ಲಿ ತೋರುವ ಕೇಡಿನ ಬೇರು ಹೃದಯದಲ್ಲಿಯೂ ಇರಬಹುದು. ಪುಸ್ತಕದಲ್ಲಿ ಅಧ್ಯಾಯಗಳು ಎರಡು; ದೇಹದಲ್ಲಿ ಒಂದೇ.

ಈ ಒಂದೇತನವನ್ನು ಕಾಣಲು ಲೋಕಕ್ಕೆ ಬಹುಕಾಲ ಹಿಡಿಯಿತು. ಬಲಗಡೆಯ ರಕ್ತವು ಪುಪ್ಪುಸದ ಮೂಲಕವೇ ಎಡಕ್ಕೆ ಹೋಗುವುದೆಂದು ಹದಿಮೂರನೆಯ ಶತಮಾನದಲ್ಲಿ ಕೈರೋದ ವೈದ್ಯನಾದ ಇಬ್ನ್ ಅಲ್‌ನಫೀಸನು ಬರೆದನು. ರಕ್ತವು ಚಕ್ರದಂತೆ ಸುತ್ತುವುದೆಂದು ಇಂಗ್ಲೆಂಡಿನ ಹಾರ್ವೆಯು ೧೬೨೮ರಲ್ಲಿ ಸಿದ್ಧಪಡಿಸಿದನು. ಧಮನಿಗೂ ಸಿರೆಗೂ ನಡುವಣ ಕೂದಲೆಳೆಯಂಥ ನಾಳಗಳನ್ನು ೧೬೬೧ರಲ್ಲಿ ಇಟಲಿಯ ಮಾಲ್ಪೀಗಿಯು ಸೂಕ್ಷ್ಮದರ್ಶಕದಿಂದ ಕಂಡದ್ದು ಕಪ್ಪೆಯ ಪುಪ್ಪುಸದಲ್ಲಿಯೇ. ಇಷ್ಟಾದ ಮೇಲೂ ಉಸಿರು ಮೊದಲೋ ನಾಡಿ ಮೊದಲೋ ಎಂಬ ಜಗಳವು ನಿಲ್ಲಲಿಲ್ಲ. ಆ ಜಗಳದ ಒಂದು ದೊಡ್ಡ ಪ್ರಕರಣವು ನಡೆದದ್ದು ನಮ್ಮ ಸಂಸ್ಥಾನದ ರಾಜಧಾನಿಯಾಗಿದ್ದ ಹೈದರಾಬಾದಿನಲ್ಲಿ ಎಂಬುದನ್ನು ಈ ಸೀಮೆಯ ವಾಚಕರು ತಿಳಿದಿರಬೇಕು.

ನಮ್ಮ ಕಲಬುರಗಿ ಜಿಲ್ಲೆಯು ೧೯೪೮ರ ವರೆಗೆ ನಿಜಾಮರ ಆಳಿಕೆಯಲ್ಲಿತ್ತಷ್ಟೆ. ೧೮೪೭ರಲ್ಲಿ ಎಡಿನ್‌ಬರೋದ ಸಿಂಪ್ಸನ್ನನು ಕ್ಲೋರೋಫಾರ್ಮನ್ನು ಬಳಕೆಗೆ ತಂದಂದಿನಿಂದ ಶಸ್ತ್ರಚಿಕಿತ್ಸೆಯ ನೋವು ನಿಂತಿತು. ಆದರೆ ಕೆಲವು ರೋಗಿಗಳು ಅದನ್ನು ಮೂಸಿದೊಡನೆ ಹಠಾತ್ತಾಗಿ ಸಾಯತೊಡಗಿದರು. ಹೃದಯವು ಮೊದಲು ನಿಲ್ಲುವುದೆಂದು ಲಂಡನ್ನಿನ ಜಾನ್ ಸ್ನೋ ಮೊದಲಾದವರು ಹೇಳಿದರು. ಉಸಿರು ಮೊದಲು ನಿಲ್ಲುವುದು, ನಾಡಿಯನ್ನು ನೋಡುತ್ತ ಕೂರುವುದು ವ್ಯರ್ಥ ಎಂದು ಎಡಿನ್‌ಬರೋದ ಸೈಮನ ಪಕ್ಷ. ಆ ಸೈಮನ ಶಿಷ್ಯನಾದ ಎಡ್ವರ್ಡ್ ಲಾರೀ ಎಂಬವನು ಹೈದರಾಬಾದಿನ ರೆಸಿಡೆನ್ಸಿಯ ಶಸ್ತ್ರವೈದ್ಯನೂ ಅಲ್ಲಿಯ ವೈದ್ಯಶಾಲೆಯ ಮುಖ್ಯಸ್ಥನೂ ಆಗಿದ್ದನು. ೧೮೮೮ರಲ್ಲಿ ನಿಜಾಮ ಮಹಬೂಬ್ ಅಲೀಖಾನರ ಆಶ್ರಯದಲ್ಲಿ ಅವನು ಪರೀಕ್ಷಾಮಂಡಲಿಯೊಂದನ್ನು ನಡೆಯಿಸಿ, ನಾಯಿಗಳ ಮೇಲಿನ ಪ್ರಯೋಗಗಳಿಂದ ತನ್ನ ಗುರುವಿನ ಮತವೇ ಸರಿಯೆಂದನು. ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯು ಒಪ್ಪಲಿಲ್ಲ. ಆಗ ನಿಜಾಮರು ಸಾವಿರ ಪೌಂಡು ಕೊಟ್ಟು, ಆ ಪತ್ರಿಕೆಯೇ ಆರಿಸಿದ ಲಾಡರ್ ಬ್ರಂಟನ್ ಎಂಬ ಪ್ರಸಿದ್ಧ ವೈದ್ಯನನ್ನು ಕರೆಯಿಸಿಕೊಂಡರು. ೧೮೮೯ರಲ್ಲಿ ಎರಡನೆಯ ಮಂಡಲಿಯು ಮತ್ತೆ ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆಯಿಸಿ ಅದೇ ತೀರ್ಮಾನಕ್ಕೆ ಬಂದಿತು: ಉಸಿರೇ ಮೊದಲು ನಿಲ್ಲುವುದು, ಉಸಿರನ್ನೇ ನೋಡಿರಿ. ಅಲ್ಲಿಯೇ ಕಲಿತ ರೂಪಾಬಾಯಿ ಫರ್ದುಂಜಿಯೆಂಬ ಹೆಣ್ಣುಮಗಳು ಆ ಕಾಲದಲ್ಲಿಯೇ ಕ್ಲೋರೋಫಾರ್ಮ್ ಕೊಡುವ ವಿದ್ಯೆಯಲ್ಲಿ ಹೆಸರಾದಳೆಂದು ಹೇಳಿದಾಗ ನನ್ನ ಮೊಮ್ಮಗಳ ಮುಖವು ಅರಳಿತು.

ಆದರೆ ಕಥೆಯು ಅಲ್ಲಿಗೆ ಮುಗಿಯಲಿಲ್ಲ. ೧೯೧೧ರಲ್ಲಿ ಲೆವಿ ಎಂಬವನು, ಕ್ಲೋರೋಫಾರ್ಮಿನ ಅಮಲು ಹಗುರವಾಗಿರುವಾಗಲೇ ಹೃದಯವು ಹಠಾತ್ತಾಗಿ ಲಯ ತಪ್ಪಿ, ಕೇವಲ ಕಂಪಿಸುತ್ತ ನಿಂತುಹೋಗಬಲ್ಲುದೆಂದು ಬೆಕ್ಕುಗಳಲ್ಲಿ ತೋರಿಸಿದನು. ಹೈದರಾಬಾದಿನವರು ಕಂಡದ್ದು ಸುಳ್ಳಲ್ಲ. ಹೆಚ್ಚು ಕೊಟ್ಟಾಗ ಉಸಿರು ಮೊದಲು ನಿಲ್ಲುವುದು ನಿಜವೇ. ಅದನ್ನೇ ಪೂರ್ಣ ಸತ್ಯವೆಂದು ತಿಳಿದು, ನಾಡಿಯನ್ನು ನೋಡಬೇಡಿರೆಂದು ವಿಧಿಸಿದುದು ಅವರ ತಪ್ಪು.

ಈ ವೃತ್ತಾಂತವನ್ನು ಓದಿದಾಗ ನನಗೆ ನನ್ನ ಮನೆಯೇ ಕಣ್ಣ ಮುಂದೆ ಬಂದಿತು. ನಾನೂ ಉಸಿರನ್ನೇ ನೋಡಿದವನು. ಇರುಳೆಲ್ಲ ಆಕೆಯ ಎದೆಯ ಸದ್ದನ್ನು ಆಲಿಸುತ್ತ ಕುಳಿತಿದ್ದುದುಂಟು. ಒಂದು ದಿನವಾದರೂ ಕೈ ಹಿಡಿದು ನಾಡಿಯನ್ನು ಎಣಿಸಲಿಲ್ಲ, ಕಾಲ ಬಳಿ ಕುಳಿತು ಪಾದವನ್ನು ಒತ್ತಿ ನೋಡಲಿಲ್ಲ. ಹೆಂಡತಿಯ ಪಾದ ಮುಟ್ಟುವುದು ನಮ್ಮ ಪೀಳಿಗೆಯ ಗಂಡಸರ ರೂಢಿಯಲ್ಲಿರಲಿಲ್ಲವೆಂದು ಹೇಳಿಕೊಳ್ಳಬಹುದು. ಅದು ಕಾರಣವಾದೀತೇ ಹೊರತು ಸಮಾಧಾನವಾಗದು.

ಶುಶ್ರೂಷೆಯೆಂಬ ಶಬ್ದಕ್ಕೆ ಧಾತ್ವರ್ಥವು ಕೇಳಬೇಕೆಂಬ ಇಚ್ಛೆ. ವ್ಯಾಕರಣದ ಪಾಠದಲ್ಲಿ ಇದನ್ನು ನಾನು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೆನು. ಅದರ ಆಚರಣೆಯನ್ನು ಕಂಡದ್ದು ಮಾತ್ರ ಮೊಮ್ಮಗಳ ನೋಟುಪುಸ್ತಕದಲ್ಲಿ. ಉಸಿರನ್ನು ಒಂದು ನಿಮಿಷ ಪೂರ್ತಿಯಾಗಿ, ರೋಗಿಗೆ ತಿಳಿಯದಂತೆ ಎಣಿಸಬೇಕು. ತಿಳಿದರೆ ಅವನ ಉಸಿರಿನ ಗತಿಯೇ ಬದಲಾಗುವುದು. ವಯಸ್ಕರಲ್ಲಿ ಅದು ೧೨ರಿಂದ ೨೦ರ ವರೆಗೆ ಇರತಕ್ಕದ್ದು. ನಾಡಿಯು ೬೦ರಿಂದ ೧೦೦ರ ವರೆಗೆ. ಮುಂಗಾಲ ಎಲುಬಿನ ಮೇಲೆ ಒತ್ತಿ ಗುಂಡಿ ನಿಲ್ಲುವುದೋ ನೋಡಬೇಕು. ದಿನವೂ ಬೆಳಗ್ಗೆ ಒಂದೇ ಹೊತ್ತಿಗೆ ತೂಕ ಮಾಡಬೇಕು. ಎರಡು ಮೂರು ದಿನದಲ್ಲಿ ತೂಕವು ಸರ್ರನೆ ಏರಿದರೆ ಅದು ಮಾಂಸವಲ್ಲ, ನೀರು. ದಿಂಬುಗಳನ್ನು ಎಣಿಸಬೇಕು; ನಿನ್ನೆ ಒಂದು ಸಾಕಾದವಳಿಗೆ ಇಂದು ಮೂರು ಬೇಕಾದರೆ ವೈದ್ಯರಿಗೆ ಹೇಳಬೇಕು. ಇದರಲ್ಲಿ ಯಾವುದಕ್ಕೂ ದೊಡ್ಡ ಯಂತ್ರ ಬೇಕಿಲ್ಲ. ಒಂದು ಗಡಿಯಾರ, ಒಂದು ತಕ್ಕಡಿ, ಒಂದು ಹೆಬ್ಬೆರಳು, ಮತ್ತು ಬಿಡದೆ ಬರೆದಿಡುವ ಒಂದು ಹಾಳೆ. ನನ್ನ ಮನೆಯಲ್ಲಿ ಇವೆಲ್ಲ ಇದ್ದುವು.

ಮತ್ತೊಂದು ಸಂಗತಿಯು ನನಗೆ ಬಹಳ ಆಶ್ಚರ್ಯವನ್ನುಂಟುಮಾಡಿತು. ಉಸಿರಾಡಲಾರದವನಿಗೆ ಆಮ್ಲಜನಕವನ್ನು ಎಷ್ಟು ಕೊಟ್ಟರೂ ಒಳ್ಳೆಯದೆಂದು ನಾನು ತಿಳಿದಿದ್ದೆನು. ಹಾಗಲ್ಲವಂತೆ. ಹಳೆಯ ಹೊಗೆಯ ರೋಗದಿಂದ ಪುಪ್ಪುಸ ಕೆಟ್ಟವರಿಗೆ, ಬೆರಳಿಗೆ ತೊಡಿಸುವ ಮಾಪಕದಲ್ಲಿ ನೂರಕ್ಕೆ ೮೮ರಿಂದ ೯೨ ತೋರುವಷ್ಟು ಮಾತ್ರ ಅಳೆದು ಕೊಡತಕ್ಕದ್ದು. ಮಿತಿಮೀರಿ ಕೊಟ್ಟರೆ, ಪುಪ್ಪುಸವು ಜಾಣತನದಿಂದ ಮುಚ್ಚಿದ್ದ ಬರಡು ಮಡಿಗಳ ಬಾಯಿ ತೆರೆದು ರಕ್ತವು ಅಲ್ಲಿಗೂ ಹರಿದು, ಒಳಗಿನ ಅಂಗಾರಾಮ್ಲವಾಯುವನ್ನು ಹೊರಗೆ ಬಿಡಲಾರದೆ ತಿರುಗಿ ಬರುವುದು. ಆ ವಾಯು ರಕ್ತದಲ್ಲಿ ಹೆಚ್ಚಿ ರೋಗಿಯು ಮಂಪರಿಗೆ ಬೀಳುವನು. ಮನೆಯವರು ನೆಮ್ಮದಿಯ ನಿದ್ರೆಯೆಂದು ಸಂತೋಷಪಡುವರು. ಅದು ನಿದ್ರೆಯಲ್ಲವೆಂದು ಅರಿಯಬಲ್ಲವಳು ಪಕ್ಕದಲ್ಲಿ ಎಚ್ಚತ್ತಿರುವ ದಾದಿಯೊಬ್ಬಳೇ. ಪ್ರಾಣವಾಯುವಿಗೂ ಮಾತ್ರೆಯುಂಟು.

ನಮ್ಮದು ಕಲ್ಲಿನ ಸೀಮೆ. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿಗಳ ಸುತ್ತ ಸುಣ್ಣದಕಲ್ಲೇ ಅನ್ನ ಕೊಡುವುದು; ಕಲ್ಲು ಒಡೆಯುವಲ್ಲಿ, ಕೊಯ್ಯುವಲ್ಲಿ ಧೂಳು ಏಳದೆ ಇರದು. ನೀರು ಸಿಂಪಡಿಸಿ, ಮೂಗುಬಾಯಿಗೆ ತಕ್ಕ ಕವಚ ಕಟ್ಟಿ ದುಡಿಯುವುದು ಅವಶ್ಯವೆಂಬುದನ್ನು ಈಗ ಅನೇಕರು ಬಲ್ಲರು. ಆದರೆ ಒಲೆಯ ಹೊಗೆಯನ್ನು ಧೂಳಿನಂತೆ ಎಣಿಸುವವರು ಕಡಿಮೆ. ಅದು ಮನೆಯೊಳಗಿನದು, ಹೆಂಗಸರದು, ಹಿಂದಿನಿಂದಲೂ ಬಂದದ್ದು. ೨೦೧೬ರಲ್ಲಿ ಸರಕಾರವು ಬಡಮನೆಗಳಿಗೆ ಗ್ಯಾಸಿನ ಸಂಪರ್ಕ ಕೊಡುವ ಉಜ್ವಲಾ ಯೋಜನೆಯನ್ನು ಆರಂಭಿಸಿತು. ಇದು ಪುಣ್ಯದ ಕೆಲಸ. ಆದರೂ ಸಿಲಿಂಡರು ಮುಗಿದ ಮೇಲೆ ಮತ್ತೆ ತೊಗರಿಯ ಕಟ್ಟಿಗೆಗೆ ಕೈಹಾಕುವ ಮನೆಗಳನ್ನು ನಾನು ಬಲ್ಲೆನು. ಅಂಥ ಮನೆಯ ಯಜಮಾನರಲ್ಲಿ ನನ್ನದೊಂದು ವಿಜ್ಞಾಪನೆ: ಅಡಿಗೆಯ ಕೋಣೆಗೆ ಒಂದು ಕಿಟಕಿಯನ್ನಾದರೂ ಒಡೆಯಿಸಿರಿ, ಒಲೆಯ ಮುಂದೆ ಕುಳಿತವಳ ಕೆಮ್ಮನ್ನು ಕೇಳಿರಿ, ಅವಳು ನಕ್ಕುಬಿಟ್ಟರೂ ಮತ್ತೆ ಕೇಳಿರಿ, ಕಾಲು ಬಾತಿವೆಯೆಂದರೆ ಬಗ್ಗಿ ನೋಡಿರಿ.

ರಜೆ ಮುಗಿದು ಮೊಮ್ಮಗಳು ಹೊರಡುವ ದಿನ, ನೋಟುಪುಸ್ತಕದ ಆ ಖಾಲಿ ಸಾಲಿನ ನೆನಪಾಗಿ, "ಅಲ್ಲಿ ಏನು ಬರಿದಿ, ತಾಯಿ? ದಮ್ಮೇ ಮೊದಲು ಬಂತು ಅಂತ ಬರಿ, ಹಾಂಗೇ ಇದ್ದೀತು" ಎಂದೆನು.

ಅವಳು ತಲೆಯಾಡಿಸಿದಳು. "ಮನಿಯವರಿಗೆ ನೆನಪಿಲ್ಲ ಅಂತ ಬರದೀನಿ, ಮುತ್ಯಾ. ಗೊತ್ತಿಲ್ಲದ್ದು ಬರೀಬಾರದು ಅಂತ ನಮಗ ಮೊದಲನೇ ದಿನಾನೇ ಹೇಳ್ಯಾರ" ಎಂದಳು. ಬಳಿಕ ನನ್ನ ಪಕ್ಕದಲ್ಲಿ ಕುಳಿತು, ಮಾತಿಲ್ಲದೆ ನನ್ನ ಕೈಯನ್ನು ಹಿಡಿದುಕೊಂಡು, ಗಡಿಯಾರವನ್ನು ನೋಡುತ್ತ ಒಂದು ನಿಮಿಷ ನಾಡಿಯನ್ನು ಎಣಿಸಿದಳು. ಕೈ ಬಿಡದೆಯೇ ಮತ್ತೊಂದು ನಿಮಿಷ ಕುಳಿತಿದ್ದಳು. ಆಗ ಅವಳು ಎಣಿಸುತ್ತಿದ್ದುದು ನನ್ನ ಉಸಿರನ್ನು ಎಂಬುದು ಅವಳು ಎದ್ದು ಎರಡು ಅಂಕಿಗಳನ್ನು ಬರೆದುಕೊಂಡಾಗ ನನಗೆ ತಿಳಿಯಿತು.